ಅತ್ತೆಗೆ ಒಗ್ಗದ ಗುಳಿಗೆ

ಹುಲಿಹೈದರ
೧೪ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಸುನಿತಾ,

ಕುಷ್ಟಗಿಯಲ್ಲಿ ನೀವೆಲ್ಲ ಆರಾಮಾಗಿದ್ದೀರೆಂದು ನಂಬಿದ್ದೇನೆ. ನೀನು ಮೂರು ಸಲ ಫೋನ್ ಮಾಡಿದರೂ ನಾನು ಎರಡೇ ಮಾತಿಗೆ ಇಟ್ಟುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ಬರೆದೇ ಹೇಳಬೇಕೆನಿಸಿತು.

ಕಳೆದ ತಿಂಗಳು ಎಮ್ಮೆ ನಮ್ಮ ಅತ್ತೆಯ ಕಾಲು ತುಳಿಯಿತು. ಮೂರನೆಯ ದಿನಕ್ಕೆ ಗಾಯದಲ್ಲಿ ಕೀವು ತುಂಬಿತು, ನಾನೇ ಗಂಗಾವತಿಯ ಆಸ್ಪತ್ರೆಗೆ ಕರೆದೊಯ್ದೆ. ಇಮಾಮಬಾನು ಎಂಬ ನರ್ಸ್ ಸೂಜಿ ಹಿಡಿದು, "ಯಾವುದಾರ ಔಷಧ ಅಲರ್ಜಿ ಐತೇನಮ್ಮಾ?" ಅಂದಳು.

"ಇಲ್ಲವಾ, ನನಗ ಎಲ್ಲಾ ಒಗ್ಗತಾವ," ಎಂದರು ಅತ್ತೆ. ಯಾರಿಗೂ ತೊಂದರೆ ಕೊಡಬಾರದೆಂಬ ಅವರ ಸ್ವಭಾವ ನಿನಗೆ ಗೊತ್ತಲ್ಲ.

ಆ ಹುಡುಗಿ ಚುಚ್ಚಲಿಲ್ಲ. ಸ್ಟೂಲು ಎಳೆದುಕೊಂಡು ಕೂತಳು. "ಗುಳಿಗಿ ತಗೊಂಡ ಮ್ಯಾಲ ಯಾವಾಗರ ಮೈಗೆ ಗಂದಿ ಎದ್ದಿದ್ವೇನ್ರಿ? ಮಾರಿ ಬಾತಿತ್ತೇನ್ರಿ?"

"ಹಲ್ಲುಬ್ಯಾನಿ ಗುಳಿಗಿ ನುಂಗಿದಾಗ ತುಟಿ ಬದನಿಕಾಯಿ ಆಗಿತ್ತವಾ. ಉಸಿರೂ ಹಿಡದಿತ್ತು. ಅದು ಪಿತ್ತ ಅಲ್ಲೇನು?"

"ಅದಕ್ಕ ಅಲರ್ಜಿ ಅಂತೀವಿ ಅಮ್ಮಾ."

ನಾನು ಕೂಡಲೇ ಮನೆಗೆ ಫೋನ್ ಮಾಡಿದೆ. ನನ್ನ ಗಂಡ ಬೈಕಿನಲ್ಲಿ ಕನಕಗಿರಿಗೆ ಹೋಗಿ, ಅಂದು ಗುಳಿಗೆ ಬರೆದಿದ್ದ ಡಾಕ್ಟರನ್ನು ಹುಡುಕಿ ಕೇಳಿದರು. ಅದು ಪೆನಿಸಿಲಿನ್ ಜಾತಿಯದಂತೆ. ಇಲ್ಲಿ ಚುಚ್ಚಲಿದ್ದದ್ದೂ ಅದೇ. ಬೇರೆ ಔಷಧ ಕೊಟ್ಟರು, ವಾರದೊಳಗೆ ಗಾಯ ಒಣಗಿತು.

ಈಗ ಊರ ತುಂಬ ಅತ್ತೆಯದೇ ಪ್ರಚಾರ. ಗಿರಣಿಯಲ್ಲಿ, ಬಸ್ಸಿನಲ್ಲಿ, ಕೇಳಿದವರಿಗೂ ಕೇಳದವರಿಗೂ, "ನನಗ ಪೆನ್ಸಲ್ ಒಗ್ಗಂಗಿಲ್ಲ ನೋಡ್ರಿ," ಎನ್ನುತ್ತಾರೆ. ಕಿರಾಣಿ ಅಂಗಡಿಯ ವೆಂಕೋಬ, "ಈ ವಯಸ್ಸಿನ್ಯಾಗ ನಿನಗ ಸಾಲಿಗೆ ಯಾರು ಕರದ್ರು, ಮುದಕಮ್ಮ?" ಅಂದನಂತೆ. ನಮ್ಮ ಹೇಮಾ ದಿನಾ ಅಜ್ಜಿಯನ್ನು ಕೂಡಿಸಿಕೊಂಡು 'ಪೆ-ನಿ-ಸಿ-ಲಿನ್' ಎಂದು ಹೇಳಿಕೊಡುತ್ತಾಳೆ. ಮೂರನೇ ಅಕ್ಷರಕ್ಕೆ ಇಬ್ಬರಿಗೂ ನಗು ಬಂದುಬಿಡುತ್ತದೆ. ಎಮ್ಮೆಯೂ ಈದಿತು, ಹೆಣ್ಣುಗರು. ಗಿಣ್ಣ ಮಾಡಿದಾಗ ನಿನ್ನ ನೆನಪಾಯಿತು. ಒಟ್ಟಿನಲ್ಲಿ ಮನೆಯಲ್ಲಿ ನೆಮ್ಮದಿ ಇದೆ.

ನಿನ್ನ ಮಕ್ಕಳು ನೂರ್ಕಾಲ ಬಾಳಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ,
ಶರಣಬಸಮ್ಮ

ತಾ.ಕ.: ನಮ್ಮ ಅವ್ವನಿಗೆ ಕೊನೆಯ ಸೂಜಿ ಮಾಡುವ ಮುಂಚೆ ಡಾಕ್ಟರು ನನ್ನನ್ನೂ ಹೀಗೇ ಕೇಳಿದ್ದರು. "ಏನೂ ಇಲ್ರಿ," ಅಂದೆ. ಹಿಂದೊಮ್ಮೆ ಗುಳಿಗೆ ನುಂಗಿ ಅವ್ವನ ಮೈಯೆಲ್ಲ ಗಂದೆ ಎದ್ದದ್ದನ್ನು ನಾನೇ ಕಂಡಿದ್ದೆ. ಅವರು ಕೇಳುತ್ತಿರುವುದು ಅದನ್ನೇ ಎಂದು ಆಗ ಹೊಳೆಯಲಿಲ್ಲ. ಆಮೇಲೆ ಅನುಮಾನ ಬಂತು, ಹೇಳಲು ಬಾಯಿ ಬರಲಿಲ್ಲ. ಹನ್ನೊಂದು ವರ್ಷದಿಂದ ನೀನು ಆ ಡಾಕ್ಟರನ್ನು ಶಪಿಸುವಾಗಲೆಲ್ಲ ನಾನು ಪಕ್ಕದಲ್ಲಿ ಸುಮ್ಮನೆ ಕೂತಿದ್ದೇನೆ. ಇನ್ನು ಅವರನ್ನು ಶಪಿಸಬೇಡ, ತಂಗಿ.