ಮಾವನವರು ಕಟ್ಟಿದ ಫಟಫಟಿ

ಮಾವನವರಿಗೆ, ನಿಮ್ಮ ಸೊಸೆ ಸುವರ್ಣಾ ಬರೆಯುತ್ತಿರುವುದು.

ಇಷ್ಟು ಬರೆಯಲಿಕ್ಕೇ ಎಷ್ಟು ಹೊತ್ತಾಯಿತು ನೋಡಿ. ನಿಮ್ಮ ಮನೆಗೆ ಬಂದು, ಹುಟ್ಟಿದ ಮಗಳು ಐದನೇ ಇಯತ್ತೆಗೆ ಹೋಗುವಷ್ಟು ವರ್ಷವಾದರೂ, ನಿಮ್ಮೆದುರು ನಿಂತು ‘ನೀವು’ ಅಂದವಳಲ್ಲ ನಾನು. ಈಗ ಎಷ್ಟೋ ಮನೆಗಳಲ್ಲಿ ಸೊಸೆಯಂದಿರು ಮಾವನ ಜೊತೆ ಕೂತು ಟಿವಿ ನೋಡುತ್ತಾರೆ, ವಾದ ಹಾಕುತ್ತಾರೆ. ನಮ್ಮ ಮನೆಯಲ್ಲಿ ಅದು ಇರಲಿಲ್ಲ. ನೀವು ಪಡಸಾಲೆಗೆ ಬಂದರೆ ನಾನು ಸೆರಗು ತಲೆಯ ಮೇಲೆ ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದೆ. ನಮ್ಮಿಬ್ಬರ ನಡುವೆ ಮಾತು ದಾಟಿಸಲು ಅತ್ತೆ ಬೇಕು. ಅತ್ತೆ ಇಲ್ಲದಿದ್ದರೆ ಬೆಕ್ಕು. ಈಗ ಎದುರು ನಿಲ್ಲುವ ಪ್ರಶ್ನೆಯೇ ಇಲ್ಲ, ಅದಕ್ಕೇ ಧೈರ್ಯ ಬಂದಿದೆಯೇನೋ.

ಒಂದು ಮುಂಜಾನೆ ನೀವು ಗಿರಣಿಯಿಂದ ಬಂದಿರಿ, ಹುಬ್ಬಿನ ಮೇಲೆಲ್ಲ ಜೋಳದ ಹಿಟ್ಟು. ಅತ್ತೆ ಹೊಲಕ್ಕೆ ಹೋಗಿದ್ದರು. ಕಟ್ಟೆಯ ಮೇಲೆ ಕೂತು ಬೆಕ್ಕಿಗೆ ಹೇಳಿದಿರಿ, ‘ಅರ್ಧ ಕಪ್ ಚಾ ಸಿಕ್ಕಿದ್ರ ಬರೋಬ್ಬರಿ ಆಗತಿತ್ತು ನೋಡಪಾ.’ ನಾನು ಚಹಾ ಮಾಡಿ ಹೊಸ್ತಿಲ ಒಳಗಿಟ್ಟು ಬಳೆ ಸಪ್ಪಳ ಮಾಡಿದೆ. ಒಂದು ಗುಟುಕು ಕುಡಿದು, ‘ಸಕ್ಕರಿ ಜಾಸ್ತಿ ಆಗೇತಿ’ ಎಂದು ಮತ್ತೆ ಬೆಕ್ಕಿಗೇ ದೂರು ಕೊಟ್ಟಿರಿ. ಮರುದಿನದಿಂದ ನಾನು ಸಕ್ಕರೆ ಕಡಿಮೆ ಹಾಕಿದೆ. ಹೀಗೆಯೇ ನಡೆಯಿತಲ್ಲವೇ ನಮ್ಮ ಮಾತುಕತೆ?

ಅಂಗನವಾಡಿ ಕೆಲಸ ಸಿಕ್ಕ ಹೊಸದರಲ್ಲಿ ಒಂದು ಸಂಜೆ ಕೆಸರುಗಾಲಲ್ಲೇ ಹಿತ್ತಲಲ್ಲಿ ಕೂತು ಅತ್ತಿದ್ದೆ. ನಮ್ಮೂರಿಂದ ಅಂಗನವಾಡಿ ಇರುವ ತೋಟಪಟ್ಟಿಗೆ ಎರೆಹೊಲಗಳ ನಡುವಿನ ಗಾಡಿದಾರಿ ಒಂದೇ. ಬಸ್ಸು ಚಚಡಿ ಕಡೆಯ ಡಾಂಬರು ರಸ್ತೆ ಹಿಡಿದು ಹೋಗುತ್ತದೆ, ಒಳಗೆ ಬರುವುದಿಲ್ಲ. ನಾನು ನಡೆದು ಮುಟ್ಟುವಷ್ಟರಲ್ಲಿ ಮಕ್ಕಳು ಬೀಗ ಹಾಕಿದ ಬಾಗಿಲ ಮುಂದೆ ಕಾಯುತ್ತಿರುತ್ತಿದ್ದವು. ಆ ದಿನ ತಪಾಸಣೆಗೆ ಬಂದವರು, ‘ಇನ್ನೊಮ್ಮೆ ತಡಾ ಆದ್ರ ಬ್ಯಾರೇದವರನ್ನ ನೋಡತೇವ್ರಿ’ ಎಂದು ಹೇಳಿ ಹೋಗಿದ್ದರು. ಅತ್ತೆಗೆ ಅದನ್ನು ಹೇಳಿಕೊಂಡು ಅಳುವಾಗ ಗೋಡೆಯಾಚೆ ನೀವು ಕೆಮ್ಮಿದಿರಿ. ‘ನನಗೂ ಕೇಳಿಸಿತು’ ಅಂತ ತಿಳಿಸಲು ಕೆಮ್ಮಿದಿರೋ, ಅದು ಹಿಟ್ಟಿನ ಕೆಮ್ಮೋ... ಕೇಳುವ ಹಾಗಿರಲಿಲ್ಲ.

ಕೆಲವು ದಿನ ಬಿಟ್ಟು ನೀವು ಹತ್ತಿಗೆ ಔಷಧ ಹೊಡೆಯುವ ಪೆಟ್ರೋಲ್ ಇಂಜಿನ್ನಿನ ಪಂಪೊಂದನ್ನು ಬೆನ್ನಿಗೆ ಹಾಕಿಕೊಂಡು ಬಂದಿರಿ. ಯಾರದೋ ಹೊಲದ ಮೂಲೆಯಲ್ಲಿ ಬಿದ್ದದ್ದು. ಔಷಧದ ಡಬ್ಬಿ ಒಡೆದಿತ್ತು, ಇಂಜಿನ್ನು ಗಟ್ಟಿಯಿತ್ತು. ನನ್ನ ಕಾಲೇಜು ದಿನಗಳ ಲೇಡೀಸ್ ಸೈಕಲ್ಲನ್ನು ಅಟ್ಟದಿಂದ ಇಳಿಸಿದಿರಿ. ಅತ್ತೆ ಹಣೆ ಬಡಿದುಕೊಂಡರು. ‘ಔಷಧಾ ಹೊಡಿಯೂ ಪಂಪ ತಂದು ಸೈಕಲ್ಲಿಗೆ ಕಟ್ಟತಾರಂತ. ಊರ ಮಂದಿ ನಗತಾರ.’ ನೀವು ತಲೆ ಎತ್ತದೆ, ‘ನಗಲಿ ಬಿಡ. ಮಂದಿ ನಕ್ಕು ಭಾಳ ದಿನಾ ಆತು’ ಅಂದಿರಿ.

ಮೊದಲ ಸಲ ಬೈಲಹೊಂಗಲದ ದಸ್ತಗೀರ ಸಾಹೇಬರ ಲೇಥಿನಲ್ಲಿ ಕಬ್ಬಿಣದ ಉರುಳೆಯಂಥ ಗುಂಡೊಂದನ್ನು ಮಾಡಿಸಿ ತಂದಿದ್ದಿರಿ. ಇಂಜಿನ್ನು ಕ್ಯಾರಿಯರಿನ ಮೇಲೆ, ಅದು ತಿರುಗಿಸುವ ಗುಂಡು ಹಿಂದಿನ ಟೈರಿನ ಮೇಲೆ. ಗುಂಡು ತಿರುಗಿದರೆ ಗಾಲಿ ತಿರುಗಬೇಕು. ಒಣನೆಲದಲ್ಲಿ ತಿರುಗಿತು. ನೀರು ಬಿದ್ದ ಕೂಡಲೇ ಗುಂಡು ಜಾರಿ ಒದರಿತೇ ಹೊರತು ಗಾಲಿ ಅಲುಗಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಬೈಲಹೊಂಗಲಕ್ಕೆ ಹೋದಿರಿ. ಈ ಸಲ ಹಿಂದಿನ ಗಾಲಿಗೆ ಎಡಗಡೆ ಇನ್ನೊಂದು ಹಲ್ಲಿನ ಚಕ್ರ, ಅದಕ್ಕೆ ಬೇರೆ ಚೈನು. ಸೀರೆ ಸಿಕ್ಕಬಾರದೆಂದು ಶೇಂಗಾ ಎಣ್ಣೆಯ ಡಬ್ಬಿ ಕತ್ತರಿಸಿ, ಬಡಿದು, ಚೈನಿಗೆ ಮುಚ್ಚಿಗೆ ಮಾಡಿದಿರಿ. ಅದರ ಮೇಲಿನ ಶೇಂಗಾಕಾಯಿಯ ಚಿತ್ರ ಇನ್ನೂ ಅಳಿಸಿಲ್ಲ. ಎರೆಮಣ್ಣು ಮಡ್‌ಗಾರ್ಡಿನಲ್ಲಿ ತುಂಬಿ ಗಾಲಿ ಹಿಡಿಯುತ್ತದೆಂದು ಅದನ್ನು ಕೈ ಹೋಗುವಷ್ಟು ಎತ್ತರಿಸಿದಿರಿ.

ನೀವು ಇಂಜಿನ್ನು ಬಿಚ್ಚಿ ಹಿತ್ತಲಲ್ಲಿ ಹರಡಿಕೊಂಡಾಗಲೆಲ್ಲ ಅದು ನಾನು ಭಾಂಡೆ ತಿಕ್ಕುವ ಹೊತ್ತೇ ಆಗಿರುತ್ತಿತ್ತು. ಆ ಹೊತ್ತನ್ನು ನೀವು ಹುಡುಕಿದ್ದೋ, ನಾನು ಹುಡುಕಿದ್ದೋ? ‘ಇದು ನಡೀಲಿಲ್ಲಂದ್ರ ಮೊದಲ ಪೆಟ್ರೋಲ ನೋಡಬೇಕು. ಆಮ್ಯಾಲ ಕರೆಂಟ. ಆಮ್ಯಾಲ ಗಾಳಿ. ಗಡಬಡ ಮಾಡಿ ಎಲ್ಲಾ ಒಮ್ಮೆಲೇ ಬಿಚ್ಚಬಾರದು, ತಿಳೀತಿಲ್ಲೋ?’ ಬೆಕ್ಕು ಕಾಲು ನೆಕ್ಕಿಕೊಳ್ಳುತ್ತಿತ್ತು. ‘ಬರೇ ಪೆಟ್ರೋಲ ಹಾಕೀರಿ ಮತ್ತ. ಎಣ್ಣಿ ಬೆರಸಲಿಲ್ಲಂದ್ರ ಒಳಗ ತಿಕ್ಕ್ಯಾಡಿ ಸುಟ್ಟ ಹೋಗತೈತಿ.’ ಬೆಕ್ಕಿಗೆ ನೀವು ಬಹುವಚನ ಹಚ್ಚಿದ್ದು ಕೇಳಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೆ. ರಾತ್ರಿ ಅದನ್ನೇ ನೆನೆದು ಕಣ್ಣು ತುಂಬಿ ಬಂತು. ನನಗೆ ಅಷ್ಟು ಮರ್ಯಾದೆ ಕೊಟ್ಟು ಯಾರು ಕಲಿಸಿದ್ದರು, ಸಾಲಿಯಲ್ಲಿ ಸಹ?

ಮೊದಲ ದಿನ ಅದನ್ನು ಹತ್ತಿ ಹೊರಟಾಗ ನೀವು ಗಿರಣಿ ಬಾಗಿಲಲ್ಲಿ ನಿಂತು ಮೋಡ ನೋಡುವವರ ಹಾಗೆ ಮುಖ ಮೇಲೆ ಮಾಡಿದ್ದಿರಿ. ‘ಡಾಂಬರ ರಸ್ತಾಕ್ಕ ಒಯ್ಯೂದಲ್ಲ. ಇದಕ್ಕ ನಂಬರ ಇಲ್ಲ, ಏನಿಲ್ಲ. ಹೊಲದ ದಾರಿ ಅಷ್ಟ’ ಎಂದು ಮೋಡಕ್ಕೆ ತಾಕೀತು ಮಾಡಿದಿರಿ. ಏರು ಬಂದಲ್ಲಿ ಪೆಡಲು ತುಳಿದು ನೆರವಾಗಬೇಕಾಗುತ್ತಿತ್ತು, ಇಳಿಜಾರಿನಲ್ಲಿ ಅದೇ ಹಾರಿಕೊಂಡು ಹೋಗುತ್ತಿತ್ತು. ತೋಟಪಟ್ಟಿಯ ಮಕ್ಕಳು ಸಪ್ಪಳ ಕೇಳಿ ಓಡಿ ಬಂದು, ‘ಟೀಚರ ಫಟಫಟಿ ಬಂತು’ ಎಂದು ಕುಣಿದವು. ಆ ದಿನ ಬೀಗ ತೆಗೆದು, ಕಸ ಹೊಡೆದು, ಚಾಪೆ ಹಾಸಿದ ಮೇಲೂ ಹೊತ್ತು ಉಳಿದಿತ್ತು. ನನಗೆ ಕೆಲಸ ನಿಜವಾಗಿ ಸಿಕ್ಕಿದ್ದು ಅವತ್ತು.

ಅದು ನಿಂತಾಗಲೆಲ್ಲ ನೀವು ಬರುತ್ತಿದ್ದಿರಿ. ನಾನು ಅತ್ತೆಗೆ ಫೋನು ಮಾಡಿದರೆ ಸಾಕು, ಸ್ವಲ್ಪ ಹೊತ್ತಿಗೆ ಹಳ್ಳದ ಆಚೆ ನಿಮ್ಮ ಬಿಳಿ ಟೋಪಿ ಕಾಣುತ್ತಿತ್ತು, ಕೈಯಲ್ಲಿ ಪಾನಾ, ಇಕ್ಕಳ ತುಂಬಿದ ಚೀಲ. ನಾನು ಜಾಲಿಗಿಡದ ಕಡೆ ಸರಿಯುತ್ತಿದ್ದೆ. ನೀವು ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ‘ಯಾಕಪಾ, ಏನಾತು? ಪ್ಲಗ್ ಕರ್ರಗಾಗೇತಿ. ಹಿಂಗ ತಗದು, ಹಿಂಗ ಒರಸಬೇಕು. ಎಲ್ಲಾರೂ ನೋಡಿದ್ರಿಲ್ಲೋ?’ ಅನ್ನುತ್ತಿದ್ದಿರಿ. ಆ ಹೊಲದಲ್ಲಿ ನನ್ನ ಬಿಟ್ಟು ಯಾರಿರುತ್ತಿದ್ದರು ಮಾವನವರೇ? ಇಂಜಿನ್ನು ಹತ್ತಿಕೊಂಡ ಮೇಲೆ ಹಿಂದೆ ನೋಡದೆ ಹೋಗಿಬಿಡುತ್ತಿದ್ದಿರಿ.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಗಿರಣಿಯ ಬಾಗಿಲು ತೆಗೆಯಲು ಹೋದವರು ಅಲ್ಲಿಯೇ ಕುಸಿದಿರಿ. ಸವದತ್ತಿ ದವಾಖಾನೆ ಮುಟ್ಟುವ ಮುಂಚೆಯೇ... ಅದನ್ನು ಬರೆಯುವುದಿಲ್ಲ. ನಿಮ್ಮನ್ನು ಕೂರಿಸಿ, ವಿಭೂತಿ ಹಚ್ಚಿ, ಹೂ ಹಾಕಿದಾಗ ಹೆಂಗಸರೆಲ್ಲ ಕರೆದು ಕರೆದು ಅತ್ತರು. ಅಣ್ಣಾ ಅಂದರು, ಕಾಕಾ ಅಂದರು, ನಿಮ್ಮ ಮಗಳು ಅಪ್ಪಾ ಅಂದಳು. ಕರೆದು ಅಳಲು ನನಗೊಂದು ಶಬ್ದವೇ ಇರಲಿಲ್ಲ. ‘ಸೊಸಿ ಕಣ್ಣಾಗ ನೀರಿಲ್ಲ ನೋಡ’ ಎಂದು ಹಿಂದೆ ಯಾರೋ ಪಿಸುಗುಟ್ಟಿದರು. ನನ್ನ ಹೆತ್ತಪ್ಪ ಹೋದಾಗಲೂ ನನಗೆ ಅಷ್ಟು ದುಃಖ ಆಗಿರಲಿಲ್ಲ, ಇದನ್ನು ನಿಮಗೆ ಮಾತ್ರ ಹೇಳುತ್ತೇನೆ.

ಸೈಕಲ್ಲು ಬೇಸಿಗೆ ರಜೆಯಿಡೀ ತಗಡಿನ ಶೆಡ್ಡಿನಲ್ಲಿ ಚೀಲ ಹೊದ್ದು ನಿಂತಿತ್ತು. ರಜೆ ಮುಗಿದು ಅಂಗನವಾಡಿ ತೆರೆದ ದಿನ ಇಂಜಿನ್ನು ಚಾಲೂ ಮಾಡುವ ಹಗ್ಗ ಜಗ್ಗಿದೆ. ಒಂದೆರಡು ಸಲ ಗೊರಗೊರ ಅಂದು ಸುಮ್ಮನಾಯಿತು. ಮತ್ತೆ ನಡೆದು ಹೋದೆ, ಮತ್ತೆ ಮಕ್ಕಳು ಬೀಗದ ಮುಂದೆ. ಆ ವಾರ ಲಾರಿ ಕೆಲಸದಿಂದ ಮನೆಗೆ ಬಂದಿದ್ದ ನಿಮ್ಮ ಮಗ ಅದನ್ನು ನೋಡಿ ಹೇಳಿದರು, ‘ಕೆಟ್ಟ ನಿಂತೈತಿ. ನಾಳೆ ಗುಜರಿಯಂವ ಬರತಾನ, ಕೊಟ್ಟಬಿಡೂಣು.’

‘ನಾ ಹೆಂಗ ಹೋಗಲ್ರಿ?’

‘ಕೆಲಸಾ ಬಿಡು. ಸಿಟ್ಟಿಲೇ ಹೇಳಾಕತ್ತಿಲ್ಲ ಸುವರ್ಣಾ. ಇದು ದಾರ್‍ಯಾಗ ನಿಂತ್ರ ಯಾರ ಬರತಾರ? ಅಪ್ಪ ಇದ್ದ, ಬರತಿದ್ದ. ನಾ ಊರಾಗ ಇರೂದಿಲ್ಲ. ಎರಡೂ ಕಡೆ ಕಬ್ಬ ಎತ್ತರ ನಿಂತೈತಿ. ನನಗ ಅಂಜಿಕಿ ಬರತೈತಿ.’

ಅವರ ಮೇಲೆ ರೇಗಬೇಕೆಂದರೂ ಆಗಲಿಲ್ಲ. ಅಂಜಿಕೆ ಸುಳ್ಳಲ್ಲ. ಆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ನಾನು ಏನಾಗುತ್ತೇನೆ ಎಂದು ಅವರಿಗೆ ಹೇಗೆ ಹೇಳಲಿ? ‘ನಾಳೆ ಸಂಜೀತನಾ ತಡೀರಿ. ನಡದ್ರ ಇಡೂದು. ನಡೀಲಿಲ್ಲಂದ್ರ ನೀವು ಹೇಳಿದಂಗ’ ಅಂದೆ.

ಮರುದಿನ ರವಿವಾರ, ನಿಮ್ಮ ಚೀಲ ಬಿಚ್ಚಿದೆ. ಮೊದಲು ಪೆಟ್ರೋಲು. ಹಳೆಯದನ್ನು ಚೆಲ್ಲಿ, ಹೊಸದಕ್ಕೆ ಎಣ್ಣೆ ಬೆರೆಸಿ ಹಾಕಿದೆ, ನಳಿಗೆಯಿಂದ ಚೆನ್ನಾಗಿ ಬಂತು. ಆಮೇಲೆ ಕರೆಂಟು. ಪ್ಲಗ್ಗು ತೆಗೆದು ಇಂಜಿನ್ನಿನ ಮೈಗೆ ಹಚ್ಚಿ ಹಿಡಿಯಬೇಕು, ಹಗ್ಗ ಜಗ್ಗಲು ಇನ್ನೊಬ್ಬರು ಬೇಕು. ಅತ್ತೆ ಜೋಳ ಹಸನು ಮಾಡುವುದು ಬಿಟ್ಟು ಎದ್ದು ಬಂದರು. ನೀವು ಹೋದಾಗಿನಿಂದ ಅವರು ಮಾತೇ ಕಡಿಮೆ ಮಾಡಿದ್ದರು. ‘ನಾ ಹಿಡೀತೇನಿ, ನೀ ಜಗ್ಗು’ ಅಂದರು. ಬಟ್ಟೆ ಸುತ್ತಿ ಹಿಡಿಯಿರಿ ಅನ್ನುವ ಮುಂಚೆ ಬರಿಗೈಯಲ್ಲೇ ಹಿಡಿದರು. ಜಗ್ಗಿದೆ. ನೀಲಿ ಕಿಡಿ ಹಾರಿತು, ಅತ್ತೆಯೂ ಹಾರಿದರು. ‘ಅಯ್ಯ ಇವರ, ಸತ್ತ ಮ್ಯಾಲೂ ಚೂಟತಾರ ನೋಡವಾ’ ಅಂದರು. ಇಬ್ಬರೂ ನಕ್ಕೆವು. ನಗುತ್ತ ನಗುತ್ತ ಅವರ ನಗು ಅಳುವಾಯಿತು. ಎಷ್ಟೋ ದಿನಗಳ ಮೇಲೆ ನಾನೂ ದನಿ ತೆಗೆದು ಅತ್ತುಬಿಟ್ಟೆ, ಕೈಗೆಲ್ಲ ಎಣ್ಣೆ ಮೆತ್ತಿಕೊಂಡೇ.

ಕಣ್ಣೊರೆಸಿಕೊಂಡು ಗಾಳಿ ನೋಡಿದೆ. ಅದನ್ನು ಸೋಸುವ ಜಾಳಿಗೆ ತೊಳೆದು ಒಣಗಿಸಿ ಹಾಕಿದೆ. ಆದರೂ ಅದೇ ಗೊರಗೊರ. ನೀವು ಹೇಳಿದ ಮೂರೂ ಮುಗಿದವು. ಮುಂದೇನು? ಅಲ್ಲಿಂದಾಚೆ ನೀವು ಏನೂ ಹೇಳಿಕೊಟ್ಟಿರಲಿಲ್ಲ, ಕೇಳೋಣವೆಂದರೆ... ಶೆಡ್ಡಿನ ಕಂಬಕ್ಕೆ ಒರಗಿ ಕೂತುಬಿಟ್ಟೆ. ಅಂಗನವಾಡಿಯಲ್ಲಿ ಮೂಗು ಕಟ್ಟಿದ ಮಕ್ಕಳನ್ನು ದಿನಾ ನೋಡುವವಳು ನಾನು. ಈ ಗೊರಗೊರ ಅದೇ ಸಪ್ಪಳ ಅನ್ನಿಸಿತು. ಉಸಿರು ಹೊರಗೆ ಹೋಗದಿದ್ದರೆ ಒಳಗೆ ಹೇಗೆ ಬಂದೀತು? ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದು, ‘ಅತ್ತೀ, ಈಗ ನೀವು ಜಗ್ಗ್ರಿ’ ಅಂದೆ. ಅಂಗೈಗೆ ಒಂದಿಷ್ಟೂ ಗಾಳಿ ತಾಗಲಿಲ್ಲ. ಮುರಿದ ಛತ್ರಿಯ ಕಡ್ಡಿ ಹಾಕಿ ಕೆದಕಿದರೆ ಉಂಡೆ ಉಂಡೆ ಒಣಮಣ್ಣು, ನಡುವೆ ಸತ್ತ ಹಸಿರು ಹುಳಗಳು. ಬೇಸಿಗೆಯಲ್ಲಿ ಕಡಜವೊಂದು ಅದರೊಳಗೆ ಮನೆ ಕಟ್ಟಿತ್ತು ಮಾವನವರೇ. ಇದನ್ನು ನೀವು ಬೆಕ್ಕಿಗೂ ಹೇಳಿರಲಿಲ್ಲ. ಇದು ನನ್ನದೇ.

ಮಣ್ಣೆಲ್ಲ ತೆಗೆದು ಹಗ್ಗ ಜಗ್ಗಿದಾಗ ಇಂಜಿನ್ನು ಹತ್ತಿಕೊಂಡ ಸಪ್ಪಳಕ್ಕೆ ನಿಮ್ಮ ಮಗ ಒಳಗಿಂದ ಓಡಿ ಬಂದು ಬಾಗಿಲಲ್ಲಿ ನಿಂತರು. ಆ ಸಪ್ಪಳ ಕೇಳಿ ಅವರ ಮುಖ ಹೇಗಾಯಿತೆಂದರೆ, ಪಾಪ, ಒಂದು ಕ್ಷಣ ಅವರೂ ನಿಮ್ಮನ್ನೇ ಹುಡುಕಿದರೇನೋ. ‘ಯಾರ ರಿಪೇರಿ ಮಾಡಿದ್ರು?’ ಎಂದು ಕೇಳಿದರು. ಅತ್ತೆ ಬೆರಳು ಮಾಡಿ ನನ್ನನ್ನು ತೋರಿಸಿದರು. ಸಂಜೆ ಗುಜರಿಯವನು ಬಂದಾಗ ನಿಮ್ಮ ಮಗ ಮನೆಯಲ್ಲಿದ್ದ ಒಡೆದ ಬಕೀಟು ಕೊಟ್ಟು ಕಳಿಸಿದರು. ಲಾರಿಗೆ ಹೋಗುವಾಗ ಮಾತ್ರ, ‘ದಿನಾ ಮುಟ್ಟಿದ ಮ್ಯಾಲ ಫೋನ ಮಾಡು’ ಅಂದರು. ಅವರ ಅಂಜಿಕೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನದೂ ಹೋಗಿರಲಿಲ್ಲ.

ನಿಮಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ಮೊನ್ನೆ ಫಟಫಟಿ ದಾರಿಯಲ್ಲಿ ನಿಂತಿತು. ಹಳ್ಳ ದಾಟಿದ ಮೇಲೆ, ಎರಡೂ ಕಡೆ ಕಬ್ಬಿರುವಲ್ಲಿ. ಅತ್ತೆಗೆ ಫೋನು ಮಾಡಲಿಲ್ಲ, ನಿಮ್ಮ ಮಗನಿಗೂ ಮಾಡಲಿಲ್ಲ. ಪೆಟ್ರೋಲು ಬರುತ್ತಿತ್ತು. ಪ್ಲಗ್ಗು ಕಪ್ಪಾಗಿತ್ತು. ತೆಗೆದೆ, ಒರೆಸಿದೆ, ಕೂರಿಸಿದೆ. ಹಗ್ಗಕ್ಕೆ ಕೈ ಹಾಕುವ ಮುಂಚೆ ತಲೆ ಎತ್ತಿ ಊರ ದಾರಿಯ ಕಡೆ ನೋಡಿದೆ. ಯಾರೂ ಇರಲಿಲ್ಲ. ಜಗ್ಗಿದೆ, ಹತ್ತಿಕೊಂಡಿತು. ಮಕ್ಕಳು ಬರುವಷ್ಟರಲ್ಲಿ ಬೀಗ ತೆಗೆದಿದ್ದೆ. ಇನ್ನು ಈ ಫಟಫಟಿಯನ್ನು ಮೂಲೆಗೆ ಬೀಳಲು ಬಿಡುವುದಿಲ್ಲ, ಆ ಮಾತು ಕೊಡುತ್ತೇನೆ. ಅದು ನಿಂತಾಗ ನಿಮ್ಮ ದಾರಿ ನೋಡುವುದಿಲ್ಲ ಅನ್ನುವ ಮಾತು ಮಾತ್ರ ಕೊಡಲಾರೆ.