ಹೇಮಾವತಿ ಕಟ್ಟದ ಟ್ಯಾಕ್ಸ್

ಮಾರ್ಚ್ 15, 2025. ಹೊಸನಗರ

ಅಡ್ವಾನ್ಸ್ ಟ್ಯಾಕ್ಸಿನ ಕೊನೇ ಕಂತು ಕಟ್ಟಿದೆ. ಬೆಳಗ್ಗೆಯೇ. ಸರ್ವರ್ ಎರಡು ಸಲ ಕೈಕೊಟ್ಟಿತು, ಆಮೇಲೆ ಹೋಯಿತು. ಕಟ್ಟುವವರೆಗೆ ಬೈಯುತ್ತೇನೆ, ಕಟ್ಟಿದ ಮೇಲೆ ಎದೆ ಒಂಚೂರು ಮುಂದೆ ಬರುತ್ತದೆ. ಡಿಪಾರ್ಟ್‌ಮೆಂಟಿನವರು ಕಳಿಸಿದ್ದ ಮೆಚ್ಚುಗೆ ಪತ್ರಕ್ಕೆ ಫ್ರೇಮ್ ಹಾಕಿಸಿ ಆಫೀಸಿನಲ್ಲಿ ಗಣಪತಿ ಪಕ್ಕ ಇಟ್ಟಿದ್ದೇನೆ. ಸೌಜನ್ಯಾ ದೀಪ ಹಚ್ಚುವಾಗ ಕೇಳುತ್ತಾಳೆ — 'ಇದ್ಕೂ ಒಂದು ಹೂ ಇಡ್ಲಾ ಹೆಂಗೆ?' ಕಟ್ಟಿಕೊಂಡ ಹೆಂಡತಿಯ ಮಾತು ಇದು!

ಉಪ್ಪಿನಕಾಯಿಗೆ ಮಾವಿನ ಮಿಡಿ ಬರಲು ಶುರು. ಅಪ್ಪೆಮಿಡಿ, ತೊಟ್ಟು ಸಮೇತ, ಎರಡು ಪಿಕಪ್. ಹೆಂಗಸರು ಆರಿಸುತ್ತಿದ್ದಾರೆ. ಉಪ್ಪಿಗೆ ಹಾಕುವುದು ನಾಳೆ. ಮಸಾಲೆ ಯಾವತ್ತಿನಂತೆ ಸೌಜನ್ಯಾ ಕೈ.

ನಾಳೆ ಸಾಗರದಲ್ಲಿ ಸಣ್ಣ ಉದ್ದಿಮೆಯವರ ಮೀಟಿಂಗ್. ಸನ್ಮಾನ ಹೇಮಾವತಿಗಂತೆ. ನಮ್ಮ ಹೇಮಾವತಿ! ನನ್ನ ಹತ್ತಿರ ಉಪ್ಪು ಹಾಕುವ ಕೆಲಸ ಕಲಿತವಳು. ಈಗ ಸಾಗರ ರಸ್ತೆಯಲ್ಲಿ ಅವಳದೇ ಉಪ್ಪಿನಕಾಯಿ ಕಂಪನಿ, ಪ್ರೈವೇಟ್ ಲಿಮಿಟೆಡ್. ಹೋಗಬೇಕೋ ಬೇಡವೋ... ಹೋಗದಿದ್ದರೆ ಹೊಟ್ಟೆಕಿಚ್ಚು ಅಂತಾರೆ.

ಮಾರ್ಚ್ 16

ಹೋಗಬಾರದಿತ್ತು.

ಶಾಲು, ಹಾರ, ಹಣ್ಣಿನ ಬುಟ್ಟಿ. ಕೆಂಪು ಅಂಚಿನ ಕಾಟನ್ ಸೀರೆ ಉಟ್ಟು ಕೂತಿದ್ದಳು. ಎಲ್ಲರ ಬಾಯಲ್ಲೂ 'ಮೇಡಂ, ಮೇಡಂ'. ಅವಳ ತಾಯಿ ಕನ್ನಮ್ಮ ನಮ್ಮ ಶೆಡ್ಡಿನಲ್ಲಿ ಅಡಿಕೆ ಸುಲಿಯುತ್ತಿದ್ದವಳು. ಇದನ್ನು ನಾನು ಹೇಳಲಿಲ್ಲ, ಬಾಯಿ ತುದಿಗೆ ಬಂದಿತ್ತು.

ಸಭೆಯಲ್ಲಿ ಯಾರೋ ಕೇಳಿದರು, ಇಷ್ಟು ಲಾಭಕ್ಕೆ ಟ್ಯಾಕ್ಸ್ ಎಷ್ಟು ಬಂತು ಮೇಡಂ ಅಂತ. ಒಂದಿಷ್ಟೂ ಅಳುಕಿಲ್ಲ. 'ಹೋದ ರಿಟರ್ನಲ್ಲಿ ಏನೂ ಬರ್ಲಿಲ್ಲ' ಅಂದಳು. 'ಕರೋನಾ ವರ್ಷದ ನಷ್ಟ ಇತ್ತು, ಅದನ್ನ ಈ ಲಾಭದಲ್ಲಿ ಕಳೆದ್ವಿ. ಹೊಸ ಮಿಷನ್ನಿನ ಸವಕಳಿ. ಮತ್ತೆ ಹೊಸದಾಗಿ ಹೆಂಗಸ್ರನ್ನ ಕೆಲ್ಸಕ್ಕೆ ತಗಂಡ್ವಲ್ಲ, ಅವ್ರ ಸಂಬಳದಲ್ಲಿ ನೂರಕ್ಕೆ ಮೂವತ್ತು ಇನ್ನೊಂದ್ಸಲ ಲಾಭದಿಂದ ಕಳೀಬಹುದು.' ಚಪ್ಪಾಳೆ! ಟ್ಯಾಕ್ಸ್ ಕಟ್ಟದಿದ್ದಕ್ಕೆ ಚಪ್ಪಾಳೆ!

ತಡೆಯಲಾಗಲಿಲ್ಲ. ಎದ್ದು ನಿಂತೆ. 'ಲಾಭ ಬಂತೋ ಇಲ್ವೋ? ಬಂತು ಅಂದ್ರೆ ಟ್ಯಾಕ್ಸ್ ಕಟ್ಟಬೇಕು. ನಮ್ಮಂಥೋರು ಪಾರ್ಟ್ನರ್‌ಶಿಪ್ಪಲ್ಲಿ ನೂರಕ್ಕೆ ಮೂವತ್ತು ಕಟ್ತೀವಿ. ಅದೇ ಮಿಡಿ, ಅದೇ ಉಪ್ಪು, ಅದೇ ಖಾರ. ಕಂಪನಿ ಅಂತ ಬೋರ್ಡ್ ಹಾಕಿದ್ರೆ ಸೊನ್ನೆ. ರಸ್ತೆ ಯಾರ ದುಡ್ಡಲ್ಲಿ ಆಗದು ಮಾರಾಯ್ರೆ?'

ಒಳ್ಳೇ ಮಾತು. ಒಂದಿಬ್ಬರು ತಲೆಯಾಡಿಸಿದರು. ಅಷ್ಟರಲ್ಲಿ ಹಿಂದಿನಿಂದ ಹೂವಯ್ಯ, ರೈಸ್‌ಮಿಲ್ಲಿನವನು — 'ತೀರ್ಥೇಶ್ ಗೌಡ್ರೇ, ನಿಮ್ ಅಡಕೆ ಲಾಭಕ್ಕೆ ಎಷ್ಟ್ ಕಟ್ತೀರಿ?'

ಇಡೀ ಹಾಲ್ ನಕ್ಕಿತು. ಅದು ಕೃಷಿ ಆದಾಯ, ಅದಕ್ಕೆ ಟ್ಯಾಕ್ಸಿಲ್ಲ, ಅದರ ಕಾನೂನೇ ಬೇರೆ ಅಂದೆ. ಯಾರು ಕೇಳುತ್ತಾರೆ. ಅವಳು ಮಾತ್ರ ನಗಲಿಲ್ಲ. ಅದೇ ಇನ್ನೂ ಉರಿ.

ಮಾರ್ಚ್ 18. ತೀರ್ಥಹಳ್ಳಿ ಹೋಗಿ ಬಂದೆ

ಆಡಿಟರ್ ನಾಗರಾಜಪ್ಪನ ಆಫೀಸು. ಅವಳು ಹೇಳಿದ್ದೆಲ್ಲ ಕಾನೂನುಬದ್ಧವಾ ಅಂತ ಕೇಳಿದೆ. 'ಪಕ್ಕಾ' ಅಂದ. ಹಾಗಾದರೆ ನನಗೂ ಮಾಡು ಅಂದೆ.

'ಹೊಸಬ್ರನ್ನ ತಗಳಿ. ಸಂಬಳ ಬ್ಯಾಂಕಲ್ಲಿ ಹಾಕಿ. ಪಿಎಫ್ ಕಟ್ಟಿ. ವರ್ಷಕ್ಕೆ ಇನ್ನೂರ ನಲವತ್ತು ದಿನ ಕೆಲಸ ಕೊಡಿ. ನಿಮಗೂ ಸಿಕ್ತದೆ. ಫರ್ಮಿಗೂ ಉಂಟು ಅದು.'

ಪಿಎಫ್! ಮಿಡಿ ಮುಗಿದ ಮೇಲೆ ಹೆಂಗಸರಿಗೆ ಏನು ಕೆಲಸ ಕೊಡಲಿ? ಅವಳು ಮಳೆಗಾಲಕ್ಕೆ ಹಲಸು, ಆಮೇಲೆ ನೆಲ್ಲಿ, ಮಾಗಣಿ ಬೇರು ಅಂತ ಏನೇನೋ ಉಪ್ಪಿನಕಾಯಿ ಮಾಡುತ್ತಾಳೆ. 'ಸರ್ಕಾರ ಟ್ಯಾಕ್ಸ್ ಬಿಡೋದು ಸುಮ್ಮನೆ ಅಲ್ಲ ಗೌಡ್ರೆ, ಆ ದುಡ್ಡು ಹೆಂಗಸ್ರ ಮನೇಗೆ ಹೋಗ್ಲಿ ಅಂತ' ಅಂದ. ಉಪದೇಶ. ಇವನ ಫೀಸು ಕೊಡುವವನು ನಾನು.

ಹೊರಡುವಾಗ ಹಳೇ ರಾಗ — 'ಸೌಜನ್ಯಕ್ಕನೂ ಪಾರ್ಟ್ನರ್ ಅಲ್ವಾ, ಅವರಿಗೊಂದು ಸಂಬಳ ತೋರ್ಸಿ, ಟ್ಯಾಕ್ಸ್ ಕಮ್ಮಿ ಆಗ್ತದೆ. ನಾನು ಪ್ರತೀ ವರ್ಷ ಹೇಳ್ತೀನಿ.' ಮನೆಯವಳಿಗೆ ಎಂತಾ ಸಂಬಳ, ಜನ ನಗ್ತಾರೆ ಅಂದೆ.

ಮಾರ್ಚ್ 20. ಮಾಸ್ತಿಕಟ್ಟೆ

ಬರಿಗೈ. ಮಾಸ್ತಿಕಟ್ಟೆ ಕಡೆಯ ಹೊಳೆಸಾಲಿನ ಮಿಡಿ, ಪರಿಮಳ ಅಂದರೆ ಅದೇ. ಅಪ್ಪಯ್ಯನ ಕಾಲದಿಂದ ನಮಗೇ ಬರುತ್ತಿತ್ತು. ಮರ ಹತ್ತುವ ಮಾರಪ್ಪ ತಲೆ ಕೆರೆದುಕೊಂಡು ನಿಂತ. 'ಈ ಸಲ ಹೇಮಕ್ಕಂಗೆ ಮಾತಾಗೋಗದೆ ಅಯ್ಯ. ಅವ್ರು ಹತ್ತೋರಿಗೆಲ್ಲ ಇನ್ಶೂರೆನ್ಸ್ ಮಾಡ್ಸವ್ರೆ.'

ಮಾಡಿಸದೇ ಏನು? ಟ್ಯಾಕ್ಸ್ ಉಳಿದ ದುಡ್ಡಲ್ಲಿ ನಾನೂ ಮಾಡಿಸುತ್ತಿದ್ದೆ. ಸರ್ಕಾರಕ್ಕೆ ನಾನು ಕಟ್ಟಬೇಕು, ನನ್ನ ಮಿಡಿ ಅವಳು ಹೊಡೆಯಬೇಕು.

ಸೌಜನ್ಯಾಗೆ ಹೇಳಿದರೆ 'ನೀವೂ ಮಾಡ್ಸಿ, ಯಾರು ಬೇಡ ಅಂದ್ರು' ಅಂತಾಳೆ. ಅನ್ನ ಬಡಿಸುತ್ತಾ, ತಲೆ ಎತ್ತದೆ. ಈಚೆಗೆ ಹೇಮಾವತಿ ಹಾಗೆ, ಹೇಮಾವತಿ ಹೀಗೆ... ಮನೆಯೊಳಗೂ ಅವಳೇ.

ಮಾರ್ಚ್ 21. ಮಧ್ಯಾಹ್ನ 3

ಒಂದು ಹೊಳೆಯಿತು. ಸ್ನಾನದ ಮನೆಯಲ್ಲಿ.

ಇನ್ನೂರ ನಲವತ್ತು ದಿನ. ಅವಳ ಹೆಂಗಸರು ಎಲ್ಲಿ ಇನ್ನೂರ ನಲವತ್ತು ದಿನ ಇರುತ್ತಾರೆ? ಅಡಿಕೆ ಕೊನೆ ಕೊಯ್ಲು ಬಂತೆಂದರೆ ಈ ಊರಿನಲ್ಲಿ ಯಾವ ಹೆಂಗಸು ಯಾವ ಕೆಲಸದಲ್ಲಿ ನಿಲ್ಲುತ್ತಾಳೆ? ಅಂಗನವಾಡಿಯೇ ಖಾಲಿ ಹೊಡೆಯುತ್ತದೆ. ಎಲ್ಲರೂ ಅಡಿಕೆ ಸುಲಿಯಲು. ಅವಳು ಸೊನ್ನೆ ತೋರಿಸಿದ ಆ ವರ್ಷವೂ ಅಷ್ಟೆ. ನನ್ನ ನಗರ ರಸ್ತೆ ಶೆಡ್ಡಿನಲ್ಲೇ ಅವಳ ಫ್ಯಾಕ್ಟರಿಯ ರಂಗಮ್ಮನ ಗುಂಪು ಎರಡು ತಿಂಗಳು ಕೂತಿತ್ತು. ನಾನೇ ಟೀ ಕೊಡಿಸಿದ್ದೇನೆ. ಹೇಮಾವತಿ ಬಂದು ಕರೆದಿದ್ದಳು, 'ಸುಲಿದಾದ್ಮೇಲೆ ಬರ್ತೀವಿ ತಾಯಿ' ಅಂತ ನಗಾಡಿ ಕಳಿಸಿದ್ದರು. ಅವಳೂ ನಕ್ಕು ಹೋಗಿದ್ದಳು. ನಮ್ಮೂರಲ್ಲಿ ಅದನ್ನು ರಜೆ ಅಂತ ಯಾರು ಲೆಕ್ಕ ಹಾಕುತ್ತಾರೆ! ಅವಳೂ ಹಾಕಿರಲಿಕ್ಕಿಲ್ಲ.

ಸಿಕ್ಕಿಬಿದ್ದಳು.

ಅದೇ ದಿನ. 5.30

ಕಳಿಸಿದೆ. ಫೋನಿನಲ್ಲೇ ಆಗುತ್ತದೆ, ಡಿಪಾರ್ಟ್‌ಮೆಂಟಿನ ಸೈಟಿನಲ್ಲಿ ದೂರು ಅಂತ ಜಾಗ ಇದೆ. ನನ್ನ ಹೆಸರು ಗೋಪ್ಯ. ಎಲ್ಲ ವಿವರವಾಗಿ ಬರೆದೆ — ಯಾವ ತಿಂಗಳು, ಯಾವ ಗುಂಪು, ಎಲ್ಲಿ ಸುಲಿಯುತ್ತಿದ್ದರು. ಬರೀ ಗಾಳಿಮಾತು ಅಂದುಕೊಳ್ಳಬಾರದಲ್ಲ.

ಸುಳ್ಳೇನೂ ಬರೆದಿಲ್ಲ. ದೇಶಕ್ಕೆ ಬರಬೇಕಾದ ತೆರಿಗೆ. ಅಷ್ಟೇ. ಎರಡು ತಟ್ಟೆ ಮಂಡಕ್ಕಿ ತಿಂದೆ.

ಏಪ್ರಿಲ್ 24

ಶಿವಮೊಗ್ಗದಿಂದ ಆಫೀಸರ್ ಬಂದಿದ್ದರಂತೆ, ಅವಳ ಫ್ಯಾಕ್ಟರಿಗೆ. ಬೆಳಗ್ಗೆಯಿಂದ ಸಂಜೆವರೆಗೆ. ಹೆಂಗಸರನ್ನು ಒಬ್ಬೊಬ್ಬರನ್ನೇ ಕರೆದು ಕೇಳಿದರಂತೆ. ಮಾರ್ಕೆಟ್ಟಿನಲ್ಲಿ ಅದೇ ಮಾತು. ನಾನು 'ಹೌದನಾ? ಛೇ' ಅಂದೆ. ಬಾಳೆಹಣ್ಣು ತಗೊಳ್ಳಲು ಹೋದವನು ಮರೆತು ಬಂದೆ.

ಸಂಜೆ ಅವಳ ಫೋನು. ಹೆಸರು ನೋಡಿ ಜಗಲಿಗೆ ಹೋಗಿ ಎತ್ತಿದೆ.

'ಗೌಡ್ರೆ, ನಿಮ್ಗೆ ಇಂಥದ್ದೆಲ್ಲ ಗೊತ್ತಲ್ಲ, ಅದ್ಕೆ ಫೋನ್ ಮಾಡ್ದೆ. ಅಡಕೆ ಟೈಮಿಂದು ದಿನ ಕಳೆದ್ರೆ ತುಂಬಾ ಜನ್ರದ್ದು ಇನ್ನೂರ ನಲವತ್ತು ಆಗಲ್ಲಂತೆ. ಹಾಜರಿ ಪುಸ್ತಕದಲ್ಲಿ ಗೈರು ಅಂತ ಬರ್ದಿದ್ವಿ, ಮುಚ್ಚಿಲ್ಲ. ಆದ್ರೆ ಕೂಡಿ ನೋಡಿರ್ಲಿಲ್ಲ. ಎಂತ ಮಾಡದು ಈಗ?'

ಹೆದರಬೇಡ, ರಿಟರ್ನ್ ತಿದ್ದಿ ಬಡ್ಡಿ ಸಮೇತ ಕಟ್ಟಿಬಿಡು, ಆಗ ತಲೆನೋವಿಲ್ಲ ಅಂದೆ. ಧ್ವನಿ ನನ್ನದೇ ಅನಿಸಲಿಲ್ಲ.

'ಆಯ್ತು. ಹಂಗೇ ಮಾಡ್ತೀನಿ.' ಆಮೇಲೆ — 'ನಗರ ರಸ್ತೆ ಶೆಡ್ ಅಂತ ನಿಮ್ ಶೆಡ್ಡಿನ ಹೆಸರು ಹಿಡಿದೇ ಕೇಳಿದ್ರು ಗೌಡ್ರೆ.'

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

'ಮನೇಲಿ ಎಲ್ಲ ಆರಾಮಾ?' ಅಂದಳು. ಇಟ್ಟಳು.

ಏಪ್ರಿಲ್ 25

ಗೊತ್ತು ಅವಳಿಗೆ. ಬೈದಿದ್ದರೆ ವಾಪಸ್ ಬೈಯಬಹುದಿತ್ತು.

ಮೇ 19

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಮನೆಯಲ್ಲೂ ಮಾತಿಲ್ಲ. ರಂಗಮ್ಮ ಬಂದು ಸೌಜನ್ಯಾ ಹತ್ತಿರ ಎಲ್ಲ ಹೇಳಿ ಹೋಗಿದ್ದಾಳೆ. ಸೌಜನ್ಯಾ ಒಂದೇ ಸಲ ಕೇಳಿದಳು — 'ನೀವೇನಾ?' ನಾನು ಕಾನೂನು, ದೇಶ ಅಂತ ಶುರುಮಾಡಿದೆ. ಪೂರ್ತಿ ಕೇಳದೆ ಎದ್ದು ಹೋದಳು.

ಹೇಮಾವತಿ ಕಟ್ಟಿದಳಂತೆ. ಒಂದೇ ಚಲನ್. ನಾಗರಾಜಪ್ಪನೇ ಹೇಳಿದ್ದು, ಬೇಕೆಂದೇ ಹೇಳಿದ. ನಾನು ಇಡೀ ವರ್ಷ ಕಟ್ಟಿದ್ದಕ್ಕಿಂತ ಹೆಚ್ಚು. 'ಮುಂದಿನ ವರ್ಷದಿಂದ ಇನ್ನೂ ಜಾಸ್ತಿ ಬರ್ತದೆ ಅವ್ರಿಗೆ, ಹಳೇ ನಷ್ಟ ಎಲ್ಲ ತೀರ್ತು. ತಾಲೂಕಿಗೇ ಫಸ್ಟ್ ಅವ್ರೇ ಆಗ್ಬಹುದು' ಅಂದ.

ಕಟ್ಟದಿದ್ದಾಗ ಉರಿ. ಕಟ್ಟಿದಾಗ ಇನ್ನೂ ಉರಿ. ಎಂಥಾ ಹೊಟ್ಟೆಯಪ್ಪಾ ಇದು ನಂದು.

ಜೂನ್ 1. ಭಾನುವಾರ

ಬೆಳಗ್ಗೆ ಕಡುಬು ತಿನ್ನುವಾಗ ಸೌಜನ್ಯಾ ಹೇಳಿದಳು. ಸಾಸಿವೆ ಡಬ್ಬ ಎಲ್ಲಿ ಅಂತ ಕೇಳುವ ಹಾಗೆ.

'ನಾಳೆಯಿಂದ ಹೇಮಾವತಿ ಫ್ಯಾಕ್ಟ್ರಿಗೆ ಹೋಗ್ತೀನಿ.'

ಯಾಕೆ ಅಂದೆ. ಕೆಲಸಕ್ಕೆ ಅಂದಳು. ಮಸಾಲೆ ವಿಭಾಗ ಇವಳದೇ ಅಂತೆ. ಕೊಯ್ಲಿಗೆ ಓಡಿಹೋಗದವರು, ವರ್ಷಪೂರ್ತಿ ನಿಲ್ಲುವವರು ಬೇಕಂತೆ ಈಗ ಹೇಮಾವತಿಗೆ. ತೋಟದ ಮನೆ ಹೆಂಗಸರಾದರೆ ಬೇರೆಯವರ ಅಡಿಕೆ ಸುಲಿಯಲು ಹೋಗುವುದಿಲ್ಲವಲ್ಲ.

ಕೂಗಾಡಿದೆ. ಗೌಡರ ಮನೆ ಹೆಂಗಸು, ಅವಳ ಕೈಕೆಳಗೆ, ಬಸ್ಸಲ್ಲಿ, ಟಿಫಿನ್ ಕ್ಯಾರಿಯರ್ ಹಿಡಿದು! ಮಾನ ಮರ್ಯಾದೆ ಏನಾದರೂ—

'ಇಪ್ಪತ್ತೆರಡು ವರ್ಷ ನಿಮ್ ಉಪ್ಪಿನಕಾಯಿಗೆ ಕೈ ಹಾಕಿದೀನಿ. ಒಂದು ದಿನ ನನ್ನ ಹಾಜರಿ ಹಾಕಿದ್ರಾ?' ತಟ್ಟೆ ಎತ್ತಿಕೊಂಡಳು. 'ಹಿತ್ತಲ ಗಿಡ ಮದ್ದಲ್ಲ ನಿಮಗೆ. ಅವ್ಳು ಬಂದು ನನ್ ಕೈ ಹಿಡ್ಕಂಡು ಕೇಳಿದ್ಲು. ಅಕ್ಕ, ನಿಮ್ ಕೈ ಮಸಾಲೆ ನಂಗ್ ಬೇಕು ಅಂದ್ಲು. ಇಷ್ಟೆಲ್ಲ ಆದ್ಮೇಲೂ.'

ಸಂಬಳ ಎಷ್ಟು ಅಂತ ಕೇಳಿದೆ. ಅದನ್ನು ಕೇಳಬಾರದಿತ್ತು. ಹೇಳಿದಳು. ನಾನು ನನ್ನ ಮೇಸ್ತ್ರಿಗೆ ಕೊಡುವುದಕ್ಕಿಂತ ಹೆಚ್ಚು.

ಜೂನ್ 2

ಎಂಟೂವರೆ ಬಸ್ಸಿಗೆ ಹೋದಳು. ಹಿಂತಿರುಗಿ ನೋಡಲಿಲ್ಲ.

ಆಗಸ್ಟ್ 11

ನಾಗರಾಜಪ್ಪ ಆಡಿಟಿಗೆ ಬಂದಿದ್ದ. ಉಪ್ಪಿನಕಾಯಿ ರುಚಿ ನೋಡಿ ಮುಖ ಹುಳಿ ಮಾಡಿದ. ಈಗ ಮಸಾಲೆ ಮೇಸ್ತ್ರಿ ಹಾಕುತ್ತಾನೆ. ಅಂಗಡಿಯವರು ಎರಡು ಲೋಡ್ ವಾಪಸ್ ಕಳಿಸಿದ್ದಾರೆ. ಈ ಸಲ ಟ್ಯಾಕ್ಸ್ ಕಮ್ಮಿ ಆಗುತ್ತದಂತೆ ನನಗೆ — ಲಾಭವೇ ಇಲ್ಲವಲ್ಲ. ಅವನಿಗೆ ನಗು.

ಆಮೇಲೆ ಅಂದ — 'ಸೌಜನ್ಯಕ್ಕ ಅಲ್ಲಿ ಹೊಸ ಎಂಪ್ಲಾಯಿ ಅಲ್ವಾ? ಅವರ ಸಂಬಳದ್ದೂ ನೂರಕ್ಕೆ ಮೂವತ್ತು ಹೇಮಾವತಿಯವರಿಗೆ ರಿಯಾಯಿತಿ. ಮೂರು ವರ್ಷ.'

ನನ್ನ ಹೆಂಡತಿಯಿಂದ ಅವಳ ಟ್ಯಾಕ್ಸ್ ಉಳಿಯುತ್ತದೆ. ನಾನೇ ದೂರು ಬರೆದು, ನಾನೇ ಕೆಲಸಕ್ಕೆ ಕಳಿಸಿಕೊಟ್ಟ ಹಾಗಾಯಿತು. ಮಾಡಿದ್ದುಣ್ಣೋ ಮಹರಾಯ.

ನವೆಂಬರ್ 30

ಕೊನೆ ಕೊಯ್ಲು. ಶೆಡ್ಡಿನಲ್ಲಿ ಅರ್ಧ ಜನವೂ ಇಲ್ಲ. ರಂಗಮ್ಮನ ಗುಂಪು ಬರಲಿಲ್ಲ. ಕೊಯ್ಲಿನ ತಿಂಗಳು ಬಿಡದೆ ಬಂದವರಿಗೆ ಬೋನಸ್ ಅಂತೆ ಅಲ್ಲಿ.

ಸೌಜನ್ಯಾ ಸಂಜೆ ಬಂದು ಸೀರೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಕೂರುತ್ತಾಳೆ. ಕೈಯಲ್ಲಿ ಅವಳದೇ ಮಸಾಲೆ ವಾಸನೆ. ನಮ್ಮ ಮನೆಯ ವಾಸನೆ ಅದು, ಬೇರೆಯವರ ಭರಣಿಯಿಂದ ಬರುತ್ತಿದೆ. ಇಂದು ಏನೋ ಹೇಳಿ ನಗುತ್ತಿದ್ದಳು, ಫ್ಯಾಕ್ಟರಿಯಲ್ಲಿ ಸುಪ್ರಿಯಾ ಅನ್ನುವವಳು ಮೆಣಸಿನ ಕೈಯಲ್ಲಿ ಕಣ್ಣು ಉಜ್ಜಿಕೊಂಡ ಕಥೆ. ನಾನೂ ನಗಬೇಕೆಂದುಕೊಂಡೆ. ಇಷ್ಟು ವರ್ಷ ಇವಳು ನನ್ನ ಹತ್ತಿರ ಇಷ್ಟು ನಕ್ಕಿದ್ದೇ ಇಲ್ಲವಲ್ಲ ಅಂತ ಬಂತು ತಲೆಗೆ. ಎದ್ದು ಹೊರಗೆ ಹೋದೆ.

ಡಿಸೆಂಬರ್ 8. ಬೆಳಗ್ಗೆ 9

ನಿನ್ನೆಯಿಂದ ನನಗೆ ಜ್ವರ. ದೊಡ್ಡದೇನಲ್ಲ. ಇವತ್ತೊಂದು ದಿನ ಮನೆಯಲ್ಲಿರು ಅಂದೆ. ಇಷ್ಟು ಮೆತ್ತಗೆ ನಾನು ಯಾವತ್ತೂ ಯಾರನ್ನೂ ಕೇಳಿಲ್ಲ.

ಗಂಜಿ ಮಾಡಿಟ್ಟಳು. ಹಣೆ ಮುಟ್ಟಿ ನೋಡಿದಳು. ಮಾತ್ರೆ, ಬಿಸಿನೀರು, ಎಲ್ಲ ಕೈಗೆ ಸಿಗುವ ಹಾಗೆ. ಆಮೇಲೆ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

'ಆಗಲ್ಲ ಕಣ್ರೀ. ನಾನು ಸೇರಿದ್ದೇ ಜೂನಲ್ಲಿ, ಇನ್ನೂರ ನಲವತ್ತರ ಲೆಕ್ಕ ಅಂಚಲ್ಲಿದೆ. ಒಂದು ದಿನ ಕಮ್ಮಿ ಬಿದ್ರೆ ಯಾರಾದ್ರೂ ಬರ್ದು ಹಾಕ್ತಾರೆ.'

ಕೊಂಕೇನೂ ಇರಲಿಲ್ಲ ಧ್ವನಿಯಲ್ಲಿ. ಅದೇ...

ಬಸ್ಸು ಬಂತು. ಕಿಟಕಿಯಿಂದ ಕೂಗಿ, ನಿಲ್ಲು, ನಾನು ಆ ದಿನ ಬರೆದದ್ದು ಟ್ಯಾಕ್ಸಿಗಲ್ಲ, ನಿನಗೆ ಅವಳ ಮೇಲೆ ಇದ್ದ ಅಭಿಮಾನ ನೋಡಲಾರದೆ ಅಂತ ಹೇಳಬೇಕೆಂದುಕೊಂಡೆ. ಏಳುವಷ್ಟರಲ್ಲಿ ಬಸ್ಸು ತಿರುವು ದಾಟಿತ್ತು.