ಖಾಲಿ ಹೊಲಿಗೆ

ಭಾನುವಾರ ರಾತ್ರಿ
ಬಸ್ ನಿಲ್ದಾಣದ ಎದುರಿನ ಬಾಡಿಗೆ ಕೋಣೆ

ನನ್ನ ಚಿಕ್ಕಮ್ಮನಿಗೆ,

ಇದನ್ನು ಬರೆಯುತ್ತಿಲ್ಲ, ಹಾಸಿಗೆ ಮೇಲೆ ಕಾಲು ಚಾಚಿಕೊಂಡು ಹೇಳುತ್ತಿದ್ದೇನೆ, ಫೋನೇ ಬರೆದುಕೊಳ್ಳುತ್ತಿದೆ. ತಪ್ಪಿದ್ದರೆ ಅದಕ್ಕೇ ಬೈಯಿ. ಊರವರ ಪುಸ್ತಕದ ತಪ್ಪನ್ನೆಲ್ಲ ತಿದ್ದುವವಳಿಗೆ ತನ್ನ ಕಾಗದ ತಿದ್ದಲು ಸೋಮಾರಿತನ ಅಂತ ನಗಬೇಡ.

ಮೊದಲು ಒಳ್ಳೆಯ ಸುದ್ದಿ. ಕೆಲಸ ಉಳಿಯಿತು. ಶುಕ್ರವಾರದೊಳಗೆ ವಿಜ್ಞಾನ ಪುಸ್ತಕದ ಕರಡು ತಿದ್ದಿ ಕಳಿಸದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದಿದ್ದವರು ಈಗ ಇನ್ನೊಂದು ಪುಸ್ತಕ ಕೊಟ್ಟಿದ್ದಾರೆ.

ಎಲ್ಲಿಂದ ಬೇಕಾದರೂ ಕೆಲಸ ಮಾಡಬಹುದು ಅಂತ ಕುಣಿದುಕೊಂಡು ಹೊರಟವಳು ನಾನು. ಸಮುದ್ರದ ಎದುರು ಕೂತರೆ ಸಮುದ್ರ ನೋಡುತ್ತಿದ್ದೆ, ಗೋಡೆಯ ಎದುರು ಕೂತರೆ ಗೋಡೆ. ಕಾಫಿ ಅಂಗಡಿಯಲ್ಲಿ ಪಕ್ಕದ ಮೇಜಿನ ಗಂಡ ಹೆಂಡತಿ ಜಗಳದಲ್ಲಿ ಯಾರು ಗೆಲ್ಲುತ್ತಾರೆ ಅಂತ ಕಿವಿಗೊಟ್ಟು ಕೂತಿರುತ್ತಿದ್ದೆ. ಊರುಗಳು ಬದಲಾದವು, ಪುಟ ಮಾತ್ರ ಸರಿಯಲಿಲ್ಲ.

ಅಮ್ಮ ಹೋದ ಮೇಲೆ ನಿನ್ನ ಹೊಲಿಗೆ ಅಂಗಡಿಯಲ್ಲೇ ಅಲ್ಲವೇ ನಾನು ಓದಿದ್ದು. ಮಿಷನ್ ಓಡುವಾಗ ಮಾತಿಲ್ಲ. ನೀನು ದಾರ ಕತ್ತರಿಸಿದಾಗ ಮಾತ್ರ ನಾನು ಬಾಯಿ ಬಿಡಬಹುದು. "ಬಾಲ ಸುಟ್ಟ ಬೆಕ್ಕಿನ ಹಾಗೆ ಸುತ್ತಬೇಡ್ವೇ, ಈ ತೋಳು ಮುಗಿಯೋವರೆಗೆ ಕೂತ್ಕೋ" ಅನ್ನುತ್ತಿದ್ದೆ ನೀನು. ನಿನ್ನದೊಂದು ತೋಳು ಮುಗಿದರೆ ನನ್ನದೊಂದು ಪಾಠ ಮುಗಿಯುತ್ತಿತ್ತು.

ಅದಕ್ಕೇ ಸೋಮವಾರ ಫೋನ್ ಮಾಡಿ, "ಫೋನನ್ನ ಮಿಷನ್ ಪಕ್ಕ ಇಟ್ಟು ನಿನ್ನ ಪಾಡಿಗೆ ಹೊಲೀತಿರು" ಅಂತ ಕೇಳಿದ್ದು. ಕಣ್ಣಿನ ಆಪರೇಷನ್ ಆದ ಮೇಲೂ ಹೊಲಿಯುತ್ತೀಯಾ ಅಂದರೆ, "ಗಿರಾಕಿಗಳು ಬಾಗಿಲಲ್ಲೇ ನಿಂತಿದ್ದಾರೆ. ನೀನು ನಿನ್ನ ಕೆಲಸ ನೋಡು" ಅಂತ ಗದರಿದೆ.

ಟಕಟಕ ಶುರುವಾದದ್ದೇ ತಡ, ಈ ಕೋಣೆಗೆ ಸೀಮೆಸುಣ್ಣದ ವಾಸನೆ ಬಂತು, ಇಸ್ತ್ರಿಯ ಬಿಸಿ ಬಂತು. ಕಾಲುಗಳು ತಾವಾಗಿ ಮಡಚಿಕೊಂಡವು. ಪುಟ ಸರಿಯಿತು.

ಮಂಗಳವಾರ ಏನೋ ಹೇಳಬೇಕೆಂದು, ನೀನು ದಾರ ಕತ್ತರಿಸುವುದನ್ನೇ ನಾನು ಕಾಯುತ್ತಿದ್ದೆ. ನೀನು ಕತ್ತರಿಸಲೇ ಇಲ್ಲ. ಕತ್ತರಿ ಮೇಜಿಗೆ ಬಿದ್ದ ಸದ್ದಿಲ್ಲ, ದಾರ ತುಂಡಾಯಿತೆಂಬ ಬೈಗುಳವಿಲ್ಲ. ಬಟ್ಟೆ ಕಚ್ಚಿಕೊಂಡ ಮಿಷನ್ನಿನ ಸದ್ದು ದಪ್ಪ, ಚಿಕ್ಕಮ್ಮ. ಇದು ಹಗುರ. ಗಿರಾಕಿಯೂ ಇರಲಿಲ್ಲ, ಬಟ್ಟೆಯೂ ಇರಲಿಲ್ಲ. ಸೂಜಿಗೆ ದಾರ ಪೋಣಿಸದೆ, ಆ ಮಂಡಿನೋವಿನಲ್ಲಿ, ನೀನು ನನಗೋಸ್ಕರ ಬರೀ ಪೆಡಲ್ ತುಳಿಯುತ್ತಿದ್ದೆ.

ಅವತ್ತೇ ಹೇಳಬೇಕಿತ್ತು. ಕೆಲಸ ಉಳಿಯಲಿ ಅಂತ ಸುಮ್ಮನಿದ್ದೆ.

ಇನ್ನು ತುಳಿಯಬೇಡ. ನಾಳೆಯೂ ಫೋನ್ ಮಾಡುತ್ತೇನೆ, ಪಕ್ಕದಲ್ಲಿ ಇಟ್ಟುಕೋ ಅಷ್ಟೇ. ಈರುಳ್ಳಿ ಹೆಚ್ಚು, ಪಕ್ಕದ ಮನೆಯವಳ ಮೇಲೆ ಗೊಣಗು, ಬೇಕಾದರೆ ಗೊರಕೆ ಹೊಡಿ. ಅದರ ಪಕ್ಕದಲ್ಲೂ ನಾನು ಕೂರಬಲ್ಲೆ.

ಎಲ್ಲಿ ಹೋದರೂ ನಿನ್ನದೇ
ಬಾಲ ಸುಟ್ಟ ಬೆಕ್ಕು

ಇನ್ನೊಂದು ಮಾತು: ಕೆಲಸಕ್ಕಾಗಿ ಸುಮ್ಮನಿದ್ದೆ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಪುಸ್ತಕ ಬುಧವಾರವೇ ಮುಗಿದಿತ್ತು. ಗುರುವಾರ, ಶುಕ್ರವಾರ ನಿನ್ನ ಟಕಟಕ ಕೇಳುತ್ತ ನಾನೂ ಮೇಜಿನ ಮುಂದೆ ಖಾಲಿಯೇ ಕೂತಿದ್ದೆ.